ಸಮುದ್ರಪಾಚಿ: ಬೆಳೆಗೆ ಒಳ್ಳೆಯದು, ರೋಗಿಗೆ?



ತಾಸಗಾಂವ, ಮಿರಜ ಭಾಗದ ದ್ರಾಕ್ಷಿ, ಕಬ್ಬು ಬೆಳೆಗಾರರಿಗೆ ಸಮುದ್ರಪಾಚಿಯ ರಸ ಹೊಸದಲ್ಲ. ತಮಿಳುನಾಡಿನ ರಾಮನಾಥಪುರ ಕರಾವಳಿಯಲ್ಲಿ ಬೆಳೆಸುವ ಕಪ್ಪಾಫೈಕಸ್ ಪಾಚಿಯಿಂದ ಈ ರಸ ತೆಗೆಯುವ ವಿಧಾನವನ್ನು ಭಾವನಗರದ ಕೇಂದ್ರ ಸಂಶೋಧನಾ ಸಂಸ್ಥೆಯು ರೂಪಿಸಿತು. ಈಗ ಪಾಚಿಯ ಪುಡಿ, ಗುಳಿಗೆಗಳು ಕ್ಯಾನ್ಸರಿಗೂ ಮದ್ದೆಂಬ ಮಾತಿನೊಡನೆ ಮಾರಾಟವಾಗುತ್ತಿವೆ. ಈ ಬಗ್ಗೆ ಎಚ್ಚರಿಸುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಪಾಚಿಯಲ್ಲಿ ಔಷಧಿಗುಣವಿರುವುದು ಸುಳ್ಳಲ್ಲ. ಅದರಲ್ಲಿ ಸಕ್ಕರೆಯ ಕಣಗಳು ಸರಪಣಿಯಂತೆ ಜೋಡಿಕೊಂಡಿರುತ್ತವೆ. ಆ ಸರಪಣಿಗೆ ಗಂಧಕದ ಅಂಶ, ಅಂದರೆ ಸಲ್ಫೇಟು, ಅಂಟಿಕೊಂಡಿರುತ್ತದೆ. ಡಯಾಲಿಸಿಸ್ ಮಾಡುವಾಗ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಕೂಡ ಇದೇ ಜಾತಿಯ ವಸ್ತು. ಅದನ್ನು ಹಂದಿಯ ಕರುಳಿನಿಂದ ತಯಾರಿಸುತ್ತಾರೆ. ಕಂದು ಪಾಚಿಯ ಫ್ಯೂಕಾಯ್ಡನ್ ಎಂಬ ವಸ್ತುವನ್ನು ಸ್ವೀಡನ್ನಿನ ಕೈಲಿನ್ ಎಂಬ ವಿಜ್ಞಾನಿ 1913ರಲ್ಲಿಯೇ ಬೇರ್ಪಡಿಸಿದರು. ಅದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಪ್ರಯೋಗಶಾಲೆಯಲ್ಲಿ ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನೂ ಕುಗ್ಗಿಸಿದೆ.

ಆದರೆ ಗಾಜಿನ ತಟ್ಟೆಯಲ್ಲಿ ಕಂಡ ಗುಣ ರೋಗಿಯ ಮೈಯಲ್ಲಿಯೂ ಕಾಣಬೇಕು. ನೂರು ವರ್ಷ ಕಳೆದರೂ ಫ್ಯೂಕಾಯ್ಡನ್ ನಮ್ಮ ದೇಶದಲ್ಲಿ ಕ್ಯಾನ್ಸರಿನ ಅಂಗೀಕೃತ ಔಷಧಿಯಾಗಿಲ್ಲ. ಶುದ್ಧತೆ ಎಷ್ಟು ಮುಖ್ಯ ಎಂಬುದಕ್ಕೆ ಹೆಪಾರಿನ್ನೇ ಸಾಕ್ಷಿ. 2008ರಲ್ಲಿ ಅದರಲ್ಲಿ ಸಲ್ಫೇಟು ಹೆಚ್ಚಿಸಿದ ಬೇರೊಂದು ವಸ್ತು ಕಲಬೆರಕೆಯಾಗಿ, ಅಮೆರಿಕದಲ್ಲಿ ಹಲವು ರೋಗಿಗಳ ಸಾವಿಗೆ ಕಾರಣವಾಯಿತು. ಆಸ್ಪತ್ರೆಯ ಔಷಧಿಯ ಗತಿಯೇ ಹೀಗಾದರೆ, ಸಂತೆಯಲ್ಲಿ ಕೊಂಡ ಪುಡಿಯ ಗತಿಯೇನು?

ಆದ್ದರಿಂದ ನಮ್ಮ ವಿನಂತಿ ಇಷ್ಟು. ಹೃದ್ರೋಗಕ್ಕಾಗಿ ರಕ್ತ ತೆಳುಗೊಳಿಸುವ ಗುಳಿಗೆ ತೆಗೆದುಕೊಳ್ಳುವವರು ಇಂಥ ಪುಡಿ ಸೇವಿಸಿದರೆ ರಕ್ತಸ್ರಾವದ ಭಯವಿದೆ. ಪಾಚಿಯಲ್ಲಿ ಅಯೋಡಿನ್ ಬಹಳವಿರುವುದರಿಂದ ಥೈರಾಯ್ಡ್ ತೊಂದರೆಯವರೂ ಜಾಗ್ರತೆ ವಹಿಸಬೇಕು. ಹೊಲಕ್ಕೆ ತಂದ ರಸವನ್ನು ಯಾರೂ ಕುಡಿಯಬಾರದು. ಮಕ್ಕಳ ಕೈಗೆ ಸಿಗದಂತೆ ಇಡಿರಿ. ಇಂಥ ರಸಗಳನ್ನು ಸರಕಾರ 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ತಂದಿದೆ. ಆದುದರಿಂದ ಚೀಟಿ ಓದಿ, ರಸೀದಿ ಪಡೆದು ಕೊಳ್ಳಿರಿ.

ಎಲ್ಲಕ್ಕಿಂತ ಮುಖ್ಯವಾಗಿ, ನಡೆಯುತ್ತಿರುವ ಚಿಕಿತ್ಸೆಯನ್ನು ನಿಲ್ಲಿಸಬೇಡಿರಿ. ಡಾಕ್ಟರ್ ವಾನ್ಲೆಸ್ 1894ರಲ್ಲಿ ಮಿರಜದಲ್ಲಿ ಆಸ್ಪತ್ರೆ ತೆರೆದ ಮೇಲೆ ದೂರದೂರದ ರೋಗಿಗಳು ಈ ಊರನ್ನು ನಂಬಿ ಬಂದರು. ಹತ್ತಿರದಲ್ಲಿರುವ ನಾವು ಸಾಲ ಮಾಡಿ ಪುಡಿ ಕೊಳ್ಳುವುದೇ? ವೈದ್ಯನನ್ನು ಗೌರವಿಸಬೇಕೆಂದು ಸಿರಾಖನ ಗ್ರಂಥದ 38ನೆಯ ಅಧ್ಯಾಯ ಬೋಧಿಸುತ್ತದೆ. ಮನೆಯಲ್ಲಿ ಇಂಥ ಡಬ್ಬಿ ಇದ್ದರೆ ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಕೈಯಲ್ಲಿ ಹಿಡಿದುಕೊಂಡೇ ಹೋಗಿ, ವೈದ್ಯರಿಗೆ ತೋರಿಸಿರಿ.