ಮಲೆನಾಡಿನಲ್ಲಿ ಮೋಟಾರಿಗೆ ಬಣ್ಣ

ಕಿಗ್ಗದ ಋಷ್ಯಶೃಂಗನ ನೆರೆಯಲ್ಲಿ ಬದುಕುವವರು ಬಣ್ಣದ ಕೆಲಸವನ್ನು ಕೈಗೊಳ್ಳುವ ಮುನ್ನ ಎರಡು ಬಾರಿ ಯೋಚಿಸಬೇಕು. ಅಂಗದೇಶಕ್ಕೆ ಕಾಲಿಟ್ಟೊಡನೆ ಮಳೆಯನ್ನು ಕರೆದ ಮಹರ್ಷಿ ಆತ. ಬಾರದ ಮಳೆ ಬರಲೆಂದೂ, ಬಂದ ಮಳೆ ನಿಲ್ಲಲೆಂದೂ ಜನ ಅವನಿಗೇ ಮೊರೆಯಿಡುತ್ತಾರೆ. ನಮ್ಮ ಮನೆಯಿರುವುದು ಕಿಗ್ಗದಿಂದ ಸಿರಿಮನೆ ಜಲಪಾತಕ್ಕೆ ಹೋಗುವ ದಾರಿಯ ಮಗ್ಗುಲಲ್ಲಿ. ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯೂ ನಮಗೆ ದೂರವಲ್ಲ. ಇಂತಹ ಸ್ಥಳದಲ್ಲಿ ಕುಳಿತು ಕಾರಿಗೆ ಸ್ವಹಸ್ತದಿಂದ ಬಣ್ಣ ಹೊಡೆಯುತ್ತೇನೆಂದು ಹೊರಟ ಕನ್ನಡ ಅಧ್ಯಾಪಕನೊಬ್ಬನ ಪಾಡನ್ನು ಈ ವಾರ ವಾಚಕರ ಮುಂದಿಡುತ್ತಿದ್ದೇನೆ. ನಗುವವರು ನಗಲಿ, ಹಳೆಯ ವಾಹನವೊಂದನ್ನು ಮನೆಯಲ್ಲಿಟ್ಟುಕೊಂಡವರಿಗೆ ಇದರಿಂದ ನಾಲ್ಕು ಮಾತು ಉಪಯೋಗವಾದರೂ ಆದೀತು.

ಕಾರು ನನ್ನದಲ್ಲ, ಅಪ್ಪಯ್ಯನದು. 1986ನೆಯ ಇಸವಿಯ ಕಪ್ಪು ಅಂಬಾಸಿಡರ್. ಆ ಕಾರುಗಳ ತಯಾರಿಕೆಯೇ 2014ರಲ್ಲಿ ನಿಂತುಹೋಯಿತು. ಅಡಿಕೆಯ ಮೂಟೆ, ಹೆರಿಗೆಗೆ ಹೊರಟ ಹೆಂಗಸರು, ಮದುವೆಯ ದಿಬ್ಬಣ, ಹೀಗೆ ಊರಿನ ಅರ್ಧ ಸುಖದುಃಖವನ್ನು ಅದು ಹೊತ್ತಿದೆ. ಹಿಂದಿನ ಮಳೆಗಾಲದ ಕೊನೆಗೆ ಬಾಗಿಲುಗಳ ಕೆಳ ಅಂಚಿನಲ್ಲಿಯೂ ಚಕ್ರದ ಮೇಲಣ ಮಡ್‌ಗಾರ್ಡಿನಲ್ಲಿಯೂ ತುಕ್ಕು ಗುಳ್ಳೆಯೆದ್ದಿತು. ಬಣ್ಣವೆಂಬುದು ಅಲಂಕಾರ ಮಾತ್ರವೆಂದು ಬಗೆದವರು ಮಲೆನಾಡಿನಲ್ಲಿ ಒಂದು ಮಳೆಗಾಲವನ್ನು ಕಳೆಯಬೇಕು. ಗದ್ದೆಗೆ ಇಳಿಯುವವನಿಗೆ ಗೊರಬು ಹೇಗೋ ಇಲ್ಲಿ ತಗಡಿಗೆ ಬಣ್ಣ ಹಾಗೆ. ನೋಂದಣಿಯನ್ನು ನವೀಕರಿಸುವ ಕಾಲವೂ ಹತ್ತಿರ ಬಂದಿತ್ತು. ಗ್ಯಾರೇಜಿನವರು ಹೇಳಿದ ಮೊತ್ತವೋ, ಕಾರಿನ ಬೆಲೆಯನ್ನೇ ಮೀರಿತ್ತು. ಗುಜರಿಯವನು ಎರಡು ಸಲ ಬಂದು ಸುತ್ತ ತಿರುಗಿ ನೋಡಿಹೋದ. ಅಪ್ಪಯ್ಯ ಏನೂ ಹೇಳಲಿಲ್ಲ. ಆ ದಿನ ಮಾತ್ರ ಮೂರು ಸಲ ಕರೆದರೂ ಊಟಕ್ಕೆ ಏಳಲಿಲ್ಲ. ನಾನು ಡಿಸೆಂಬರಿನ ರಜೆಗೆ ಬಣ್ಣದ ಕೆಲಸವನ್ನು ನಿಶ್ಚಯಿಸಿದೆ.

ಮೊದಲ ಪ್ರಶ್ನೆ, ಯಾವ ಬಣ್ಣ? ಅಂಗಡಿಯಲ್ಲಿ ಮೂರು ಬಗೆಯ ಹೆಸರು ಕೇಳಿಬರುತ್ತದೆ. ನಮ್ಮ ಹಳೆಯ ಮೇಸ್ತ್ರಿಗಳು ‘ಡ್ಯೂಕೋ’ ಎಂದು ಕರೆಯುವ ನೈಟ್ರೋಸೆಲ್ಯುಲೋಸ್ ಬಣ್ಣ ಒಂದು. ಅದು ಬೇಗ ಆರುತ್ತದೆ, ಆದರೆ ಬಿಸಿಲಿಗೆ ಬೇಗ ಹೊಳಪುಗುಂದುತ್ತದೆ. ಬಿಳಿಯದಾದರೆ ಹಳದಿಗೆ ತಿರುಗುತ್ತದೆ. ಈಗ ಗ್ಯಾರೇಜುಗಳಲ್ಲಿ ಬಳಸುವ ‘ಪಿ.ಯು.’ ಬಣ್ಣ ಇನ್ನೊಂದು. ಬಾಳಿಕೆಯಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಅದರೊಡನೆ ಕಲಸುವ ಹಾರ್ಡ್‌ನರ್‌ನಲ್ಲಿರುವ ಐಸೋಸಯನೇಟ್ ಎಂಬ ವಸ್ತು ಶ್ವಾಸಕೋಶಕ್ಕೆ ಕೇಡು, ದಮ್ಮಿನ ರೋಗವನ್ನು ತರಬಲ್ಲದು. ಹೊರಗಿನಿಂದ ಶುದ್ಧಗಾಳಿಯನ್ನು ಒದಗಿಸುವ ಮುಖವಾಡವಿಲ್ಲದೆ ಮನೆಯಂಗಳದಲ್ಲಿ ಅದನ್ನು ಸಿಂಪಡಿಸುವುದು ಬುದ್ಧಿವಂತಿಕೆಯಲ್ಲ. ಉಳಿದದ್ದು ಅಕ್ರಿಲಿಕ್ ಲ್ಯಾಕರ್. ಇದು ಬಿಸಿಲಿಗೆ ನೈಟ್ರೋಸೆಲ್ಯುಲೋಸಿಗಿಂತ ಚೆನ್ನಾಗಿ ತಡೆಯುತ್ತದೆ, ಹಾರ್ಡ್‌ನರ್ ಬೇಡುವುದಿಲ್ಲ, ಅನನುಭವಿಯ ತಪ್ಪನ್ನು ತಿದ್ದಲು ಅವಕಾಶ ಕೊಡುತ್ತದೆ. ನಾನು ಇದನ್ನೇ ಆರಿಸಿದೆ. ಕಾರಿನ ಮೂಲ ಬಣ್ಣವನ್ನೇ ಇಟ್ಟುಕೊಂಡೆ. ಬಣ್ಣ ಬದಲಾದರೆ ನೋಂದಣಿ ಪತ್ರದಲ್ಲಿಯೂ ತಿದ್ದಿಸಬೇಕಾಗುತ್ತದೆ ಎಂಬುದನ್ನು ವಾಚಕರು ಮರೆಯಬಾರದು.

ತಪ್ಪನ್ನು ತಿದ್ದಬಹುದೆಂದೆನಲ್ಲ, ಅದರ ಕಾರಣ ‘ಲ್ಯಾಕರ್’ ಎಂಬ ಹೆಸರಿನಲ್ಲಿಯೇ ಇದೆ. ಆ ಪದದ ಬೇರು ನಮ್ಮ ‘ಲಾಕ್ಷಾ’, ಎಂದರೆ ಅರಗು. ಚನ್ನಪಟ್ಟಣದ ಆಟಿಕೆಯ ಕುಶಲಿಗಳು ತಿರುಗುವ ಹಾಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುವುದನ್ನು ಹಲವರು ನೋಡಿರಬಹುದು. ತಿಕ್ಕಾಟದ ಬಿಸಿಗೆ ಅರಗು ಕರಗಿ ಹರಡುತ್ತದೆ, ತಣಿದಾಗ ಗಟ್ಟಿಯಾಗುತ್ತದೆ, ಮತ್ತೆ ಬಿಸಿ ತಾಗಿದರೆ ಮತ್ತೆ ಕರಗುತ್ತದೆ. ಚುನಾವಣೆಯ ಅಳಿಸಲಾಗದ ಶಾಯಿಗೆ ಇಂದು ಹೆಸರಾದ ಮೈಸೂರಿನ ಕಾರ್ಖಾನೆ ಕೂಡ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹುಟ್ಟಿದ್ದು ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ. ಅಕ್ರಿಲಿಕ್ ಲ್ಯಾಕರಿನಲ್ಲಿ ಅರಗಿಲ್ಲ, ಗುಣ ಮಾತ್ರ ಅದರದೇ. ಥಿನ್ನರಿನಲ್ಲಿ ಕರಗಿದ ರಾಳವನ್ನು ನಾವು ಸಿಂಪಡಿಸುತ್ತೇವೆ. ಥಿನ್ನರು ಹಾರಿಹೋಗುತ್ತದೆ, ರಾಳ ಉಳಿಯುತ್ತದೆ. ಬೇರೆ ಯಾವ ರಸಾಯನ ಕ್ರಿಯೆಯೂ ಅಲ್ಲಿ ನಡೆಯುವುದಿಲ್ಲ. ಆದುದರಿಂದ ಆರಿದ ಮೇಲೂ ಥಿನ್ನರು ತಾಗಿದರೆ ಅದು ಪುನಃ ಕರಗುತ್ತದೆ. ಈ ಬಣ್ಣದ ಗುಣವೂ ದೋಷವೂ ಇದೊಂದರಿಂದಲೇ ಹುಟ್ಟತಕ್ಕವು.

ಎರಡನೆಯ ಪ್ರಶ್ನೆ, ಕೆಳಗೇನಿದೆ? ನಮ್ಮ ಕಾರಿಗೆ ಹಿಂದೆ ಎರಡು ಬಾರಿ ಯಾರೋ ಬಣ್ಣ ಹೊಡೆದಿದ್ದರು. ಡಿಕ್ಕಿಯ ಒಳ ಅಂಚಿನಂತಹ ಮರೆಯ ಜಾಗದಲ್ಲಿ ಥಿನ್ನರಿನಲ್ಲಿ ಅದ್ದಿದ ಬಟ್ಟೆಯನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಬಣ್ಣ ಕರಗಿ ಬಟ್ಟೆಗೆ ಅಂಟಿದರೆ ಅದು ಲ್ಯಾಕರ್. ಮೇಲೆ ಲ್ಯಾಕರನ್ನೇ ಹೊಡೆಯಬಹುದು. ಸುಕ್ಕುಗಟ್ಟಿ ಎದ್ದರೆ ಅದು ಎನಾಮಲ್. ಅದರ ಮೇಲೆ ಲ್ಯಾಕರ್ ಬಿದ್ದರೆ ಕಾರೆಲ್ಲ ಹಾಲಿನ ಕೆನೆಯಂತೆ ಸುಕ್ಕಾಗುತ್ತದೆ. ಏನೂ ಆಗದಿದ್ದರೆ ಅದು ಕುಲುಮೆಯಲ್ಲಿ ಸುಟ್ಟ ಅಥವಾ ಹಾರ್ಡ್‌ನರ್ ಕೂಡಿದ ಗಟ್ಟಿ ಬಣ್ಣ. ಚೆನ್ನಾಗಿ ಉಜ್ಜಿ ಪ್ರೈಮರ್ ಹೊಡೆದರೆ ಸಾಕು. ನಮ್ಮ ಬಾನೆಟ್ಟಿನಲ್ಲಿ ಸುಕ್ಕೆದ್ದಿತು. ಅಲ್ಲಿನ ಬಣ್ಣವನ್ನು ತಗಡಿನವರೆಗೂ ಕೆರೆದು ತೆಗೆಯಲು ಮೂರು ದಿನ ಹಿಡಿಯಿತು. ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವವುಂಟು. ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸದೆ ನೀರು ಹನಿಸುತ್ತ ವಾಟರ್ ಪೇಪರಿನಿಂದ ಉಜ್ಜುವುದು ಕ್ಷೇಮ. ತುಕ್ಕಿಗೆ 80ರ ಕಾಗದ, ಪ್ರೈಮರಿಗೆ 320 ಅಥವಾ 400, ಬಣ್ಣಕ್ಕೆ ಮೊದಲು 600, ಇದು ನಾನು ಅನುಸರಿಸಿದ ಕ್ರಮ. ಬರಿಯ ತಗಡನ್ನು ನಮ್ಮಲ್ಲಿ ಒಂದು ರಾತ್ರಿಯೂ ಹೊರಗೆ ಬಿಡಬಾರದು. ಮರುದಿನ ಬೆಳಗಿಗೆ ತುಕ್ಕಿನ ಕೆಂಪು ಕಾಣಿಸುತ್ತದೆ.

ಇಷ್ಟಾದ ಮೇಲೆ ಒಂದು ದಿನ ಮಧ್ಯಾಹ್ನ ಕೊಟ್ಟಿಗೆಯಲ್ಲಿ ಥಿನ್ನರಿನ ಡಬ್ಬಿಯನ್ನು ತೆರೆದೆ. ಕೊಟ್ಟಿಗೆಗೂ ಬಚ್ಚಲುಮನೆಗೂ ನಡುವೆ ಇರುವುದು ಒಂದೇ ಗೋಡೆ, ಅದರಲ್ಲಿ ಒಂದು ಕಿಂಡಿ. ಬಚ್ಚಲೊಲೆಯಲ್ಲಿ ಕುಂಟೆಯ ಕೆಂಡ ನಿಗಿನಿಗಿ ಉರಿಯುತ್ತಿತ್ತು. ನಾನು ಬಣ್ಣ ಕಲಸುವುದರಲ್ಲಿ ಮೈಮರೆತಿದ್ದೆ. ಅಪ್ಪಯ್ಯ ಕೋಲೂರಿಕೊಂಡು ಬಂದವರು ಬಾಗಿಲಲ್ಲಿಯೇ ನಿಂತು ಮೂಗರಳಿಸಿದರು.

“ಅರಗಿನ ಮನೆಯ ಪಾಠ ಹೇಳುವವನಿಗೆ ಮೂಗಿಲ್ಲವೇನೋ? ಮೊದಲು ಡಬ್ಬಿ ಮುಚ್ಚು!”

ಅಷ್ಟು ಹೇಳಿ ತಾವೇ ಹಂಡೆಯ ನೀರನ್ನು ಮೊಗೆದು ಒಲೆಗೆ ಸುರಿದರು. ಅವರ ಕೈ ನಡುಗುತ್ತಿತ್ತು. ಥಿನ್ನರಿನ ಆವಿ ಗಾಳಿಗಿಂತ ಭಾರ. ಅದು ಮೇಲೇರದೆ ನೆಲದ ಮೇಲೆ ತೆವಳುತ್ತ ಹೋಗಿ ದೂರದ ಕಿಡಿಯನ್ನು ತಾನಾಗಿ ಹುಡುಕಿಕೊಳ್ಳಬಲ್ಲದು. ಲಾಕ್ಷಾಗೃಹದ ಸಂದರ್ಭವನ್ನು ವರ್ಷವರ್ಷವೂ ತರಗತಿಯಲ್ಲಿ ವಿವರಿಸುವ ನನಗೆ ಇದು ಹೊಳೆಯಲಿಲ್ಲ. ಆ ಕ್ಷಣದಿಂದ ಕೆಲಸವನ್ನು ಮನೆಯಿಂದ ದೂರದ ಅಡಿಕೆಯ ಚಪ್ಪರದ ಕೆಳಗೆ ವರ್ಗಾಯಿಸಿದೆ. ಒಲೆ, ದೀಪ, ಬೀಡಿ ಯಾವುದೂ ಹತ್ತಿರ ಬೇಡ. ಮೂಗಿಗೆ ಕಟ್ಟುವ ಬಟ್ಟೆ ಆವಿಯನ್ನು ತಡೆಯುವುದಿಲ್ಲ. ಇದ್ದಿಲಿನ ಸೋಸುಗವಿರುವ ಮಾಸ್ಕನ್ನೇ ಧರಿಸಬೇಕು.

ಬಣ್ಣದ ಮೊದಲ ಕೈ ಸಂಜೆ ನಾಲ್ಕೂವರೆಗೆ ಆರಂಭವಾಯಿತು. ಒಂದು ಬದಿಯ ಬಾಗಿಲುಗಳನ್ನು ಮುಗಿಸಿ ಹಿಂದೆ ಸರಿದು ನೋಡುತ್ತೇನೆ, ಕನ್ನಡಿಯಂತಿದ್ದ ಕಪ್ಪು ನನ್ನ ಕಣ್ಣೆದುರಿಗೇ ಬೂದಿ ಬಳಿದಂತೆ ಬೆಳ್ಳಗಾಗತೊಡಗಿತು. ನೋಡಲು ಬಂದಿದ್ದ ನೆರೆಯವರು “ಕಾರಿಗೂ ವಯಸ್ಸಾಯಿತು, ಕೂದಲು ನರೆಯಿತು” ಎಂದು ನಕ್ಕರು. ಅಂಗಡಿಯವನು ಕಳಪೆ ಬಣ್ಣ ಕೊಟ್ಟನೆಂದು ನಾನು ಮನಸ್ಸಿನಲ್ಲಿಯೇ ಶಪಿಸಿದೆ. ತಪ್ಪು ಬಣ್ಣದ್ದಾಗಿರಲಿಲ್ಲ. ಥಿನ್ನರು ಹಾರುವಾಗ ತಗಡಿನ ಬಿಸಿಯನ್ನು ಹೀರಿಕೊಂಡು ಹಾರುತ್ತದೆ, ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯಲ್ಲಿ ತೇವ ತುಂಬಿದ್ದರೆ ಅದು ಇಬ್ಬನಿಯಾಗಿ ಹಸಿಬಣ್ಣದ ಮೇಲೆಯೇ ಕೂರುತ್ತದೆ. ತಣ್ಣೀರಿನ ತಂಬಿಗೆಯ ಹೊರಮೈ ಬೆವರುವುದೂ ಇದರಿಂದಲೇ. ಸಿರಿಮನೆಯ ಡಿಸೆಂಬರಿನಲ್ಲಿ ಹೊತ್ತಿಳಿದೊಡನೆ ಮಂಜು ಕವಿಯುತ್ತದೆಂಬುದು ಹುಟ್ಟಿದಂದಿನಿಂದ ಗೊತ್ತಿದ್ದ ಸಂಗತಿ. ಬಣ್ಣದ ಡಬ್ಬಿ ಕೈಗೆ ಬಂದೊಡನೆ ಮರೆತುಹೋಯಿತು.

ಇದಕ್ಕೆ ಪರಿಹಾರ ಸುಲಭ. ಮಂಜು ಕರಗಿದ ಮೇಲೆ, ಬೆಳಗಿನ ಹನ್ನೊಂದರಿಂದ ಮಧ್ಯಾಹ್ನ ಮೂರರೊಳಗೆ, ತಗಡು ಬಿಸಿಲಿಗೆ ಬೆಚ್ಚಗಾದ ಬಳಿಕ ನೆರಳಿನಲ್ಲಿ ಕೆಲಸ ಮಾಡಬೇಕು. ಆತುರದ ಅಗ್ಗದ ಥಿನ್ನರನ್ನು ಗನ್ ತೊಳೆಯುವುದಕ್ಕೆ ಮೀಸಲಿಟ್ಟು, ನಿಧಾನವಾಗಿ ಆರುವ ಅಕ್ರಿಲಿಕ್ ಥಿನ್ನರನ್ನೇ ಬಣ್ಣಕ್ಕೆ ಬಳಸಬೇಕು. ತೇವ ಹೆಚ್ಚೆನಿಸಿದರೆ ‘ರಿಟಾರ್ಡರ್’ ಎಂಬ ದ್ರವವನ್ನು ಸ್ವಲ್ಪ ಮಾತ್ರ ಕೂಡಿಸಬಹುದು. ಹೆಚ್ಚಾದರೆ ಬಣ್ಣ ವಾರಗಟ್ಟಲೆ ಮೆತ್ತಗೆ ಉಳಿಯುತ್ತದೆ. ಬೆಳ್ಳಗಾದ ಬಾಗಿಲುಗಳನ್ನು ನಾನು ಕೆರೆಯಬೇಕಾಗಲಿಲ್ಲ. ಬಿಸಿಲು ಬಿದ್ದ ಮರುದಿನ ರಿಟಾರ್ಡರ್ ಬೆರೆಸಿದ ಥಿನ್ನರನ್ನು ತೆಳ್ಳಗೆ ಸಿಂಪಡಿಸಿದೆ. ಬಣ್ಣ ಪುನಃ ಕರಗಿತು, ಸಿಕ್ಕಿಬಿದ್ದ ತೇವ ಹೊರಟುಹೋಯಿತು, ನರೆಗೂದಲು ಮತ್ತೆ ಕಪ್ಪಾಯಿತು. ಲ್ಯಾಕರಿನ ಕ್ಷಮಾಗುಣ ನನಗೆ ಮೊದಲ ಬಾರಿಗೆ ಮನವರಿಕೆಯಾದದ್ದು ಆಗ.

ಉಳಿದ ತೊಂದರೆಗಳಿಗೂ ಒಂದೊಂದು ಕಾರಣವುಂಟು. ಮೈ ಕಿತ್ತಳೆಯ ಸಿಪ್ಪೆಯಂತೆ ತರಿತರಿಯಾದರೆ ಬಣ್ಣ ದಪ್ಪವಾಗಿದೆ, ಇಲ್ಲವೆ ಗನ್ನನ್ನು ದೂರ ಹಿಡಿದಿದ್ದೀರಿ. ಒಂದು ಪಾಲು ಬಣ್ಣಕ್ಕೆ ಒಂದರಿಂದ ಒಂದೂವರೆ ಪಾಲು ಥಿನ್ನರ್, 6ರಿಂದ 8 ಅಂಗುಲ ದೂರ, ಎಂದರೆ ಗೇಣಿಗಿಂತ ತುಸು ಕಡಿಮೆ, ಇದು ನನಗೆ ಒದಗಿಬಂದ ಅಳತೆ. ಡಬ್ಬಿಯ ಮೇಲೆ ಬೇರೆ ಅಳತೆಯಿದ್ದರೆ ಅದೇ ಪ್ರಮಾಣ. ಬಣ್ಣ ಕೆಳಗೆ ಸೋರಿದರೆ ಕೈ ನಿಧಾನವಾಗಿದೆ, ಅಥವಾ ಗನ್ ತೀರ ಹತ್ತಿರವಿದೆ. ಮೀನಿನ ಕಣ್ಣಿನಂತೆ ಗುಂಡುಗುಂಡಾದ ಕುಳಿಗಳು ಬಿದ್ದರೆ ಕೆಳಗೆ ಎಣ್ಣೆಯೋ ಹಳೆಯ ಪಾಲಿಶಿನ ಸಿಲಿಕೋನೋ ಉಳಿದಿದೆ. ಮೇಲೆ ಎಷ್ಟು ಹೊಡೆದರೂ ಅದು ಮುಚ್ಚುವುದಿಲ್ಲ, ನಿಲ್ಲಿಸಿ, ಒರೆಸಿ, ಮೊದಲಿನಿಂದ ತೊಡಗಬೇಕು. ಕಂಪ್ರೆಸರಿನ ಗಾಳಿಯೊಡನೆ ನೀರಿನ ಹನಿ ಬಂದರೂ ಗುಳ್ಳೆಗಳಾಗುತ್ತವೆ. ಟ್ಯಾಂಕಿನ ತಳದ ನೀರನ್ನು ಪ್ರತಿದಿನವೂ ಬಿಟ್ಟು, ಕೊಳವೆಗೆ ನೀರು ಸೋಸುವ ಟ್ರ್ಯಾಪ್ ಜೋಡಿಸಬೇಕು. ಹೊಳಪಿನ ಆಸೆಗೆ ಬಿದ್ದು ಪದರದ ಮೇಲೆ ಪದರ ದಪ್ಪಗೆ ಪೇರಿಸಿದರೆ ಕಾಲಾಂತರದಲ್ಲಿ ಬೇಸಗೆಯ ಕೆರೆಯಂತೆ ಬಿರುಕು ಬಿಡುತ್ತದೆ. ತೆಳುವಾದ ನಾಲ್ಕೈದು ಕೈ, ಒಂದೊಂದರ ನಡುವೆ ಹತ್ತು ಹದಿನೈದು ನಿಮಿಷ, ಇಷ್ಟು ಸಾಕು.

ಗನ್ನಿನಿಂದ ಬಂದ ಲ್ಯಾಕರಿನಲ್ಲಿ ಪೂರ್ಣ ಹೊಳಪನ್ನು ನಿರೀಕ್ಷಿಸಬಾರದು. ಹೊಳಪು ಬರುವುದು ಕೈಕೆಲಸದಿಂದ. ನಾಲ್ಕಾರು ದಿನ ಆರಲು ಬಿಟ್ಟು, 1500 ಮತ್ತು 2000ದ ವಾಟರ್ ಪೇಪರಿನಿಂದ ಸೋಪಿನ ನೀರಿನಲ್ಲಿ ಹಗುರಾಗಿ ಉಜ್ಜಿ, ಅನಂತರ ರಬ್ಬಿಂಗ್ ಕಾಂಪೌಂಡ್ ಹಾಕಿ ತಿಕ್ಕಬೇಕು. ಅಂಚುಗಳಲ್ಲಿ ಬಲ ಪ್ರಯೋಗಿಸಿದರೆ ಪ್ರೈಮರು ಇಣುಕುತ್ತದೆ. ಮೇಣದ ಪಾಲಿಶನ್ನು ಒಂದು ತಿಂಗಳ ಮಟ್ಟಿಗೆ ಮುಂದೂಡಬೇಕು. ಒಳಗೆ ಉಳಿದ ಥಿನ್ನರು ಹೊರಬರಲು ದಾರಿ ಬೇಡವೆ? ನನಗೆ ಒಟ್ಟು 4 ಲೀಟರ್ ಬಣ್ಣವೂ, ಗನ್ ತೊಳೆದದ್ದೂ ಸೇರಿ 8 ಲೀಟರ್ ಥಿನ್ನರೂ, ಡಿಸೆಂಬರಿನ ರಜೆಯೂ, ಜನವರಿಯ ನಾಲ್ಕು ಭಾನುವಾರಗಳೂ ವೆಚ್ಚವಾದವು.

ಕೊನೆಯ ಭಾನುವಾರ ಸಂಜೆ ಅಪ್ಪಯ್ಯ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದರು. ಎಡಬದಿಯ ಹಿಂಬಾಗಿಲ ಕೆಳಗೆ ಸೋರಿದ ಒಂದು ಗೆರೆ ಉಳಿದಿದೆ; ಅವರ ಬೆರಳು ನೆಟ್ಟಗೆ ಅಲ್ಲಿಗೇ ಹೋಯಿತು. “ಇದನ್ನು ತಿದ್ದಬಹುದು ಅಪ್ಪಯ್ಯ, ಮತ್ತೆ ಕರಗುವ ಬಣ್ಣ” ಎಂದೆ. “ಇರಲಿ ಬಿಡು. ಮಳೆಗಾಲಕ್ಕೆ ತಡೆದರೆ ಸಾಕು” ಎಂದವರೇ ಮುಂಬಾಗಿಲು ತೆರೆದು ಕುಳಿತರು. ಶೃಂಗೇರಿಗೆ ಹೋಗಿ ಬಂದೆವು. ಪೆಟ್ರೋಲ್ ಹಾಕುವ ಹುಡುಗ ಒಂದು ಹನಿಯನ್ನು ಕೆಳಗೆ ಚೆಲ್ಲಿದೊಡನೆ ಅಪ್ಪಯ್ಯ ತಮ್ಮ ಹೆಗಲ ಮೇಲಿನ ಶಾಲಿನಿಂದಲೇ ಅದನ್ನು ಒರೆಸಿದರು. ಪೆಟ್ರೋಲ್ ಬಿದ್ದಲ್ಲಿ ಲ್ಯಾಕರ್ ಮೆತ್ತಗಾಗಿ ಕಲೆ ಕೂರುತ್ತದೆಂದು ನಾನು ಅವರಿಗೆ ಹೇಳಿಯೇ ಇರಲಿಲ್ಲ.