ನಗಿಸುವವನ ಶಿಸ್ತು: ಜಸ್ಪಾಲ್ ಭಟ್ಟಿಯವರ ಕಲಾಜೀವನ

ವಿದ್ಯಾಸಂಸ್ಥೆಗಳ ಸ್ಮರಣ ಸಂಚಿಕೆಗಳಲ್ಲಿ ತಪಸ್ವಿಗಳ, ವಿದ್ವಾಂಸರ, ದಾನಿಗಳ ಚರಿತ್ರೆಗಳಿಗೆ ಅಗ್ರಸ್ಥಾನವಿರುವುದು ಸಹಜವೂ ಉಚಿತವೂ ಆಗಿದೆ. ಆ ಸಾಲಿನಲ್ಲಿ ದೂರದರ್ಶನದ ಹಾಸ್ಯನಟನೊಬ್ಬನನ್ನು ತಂದು ಕೂರಿಸುವುದು ಕೆಲವರಿಗೆ ಔಚಿತ್ಯಭಂಗವೆಂದೇ ತೋರಬಹುದು. ನಗಿಸುವವನು ಹೊತ್ತು ಕಳೆಯಲಿಕ್ಕೆ ಬೇಕಾದವನು, ಬಾಳಿಗೆ ಬೇಕಾದವನಲ್ಲ ಎಂಬ ಭಾವನೆ ನಮ್ಮ ಶಿಷ್ಟಸಮಾಜದಲ್ಲಿ ಬಹುಕಾಲದಿಂದ ಬೇರೂರಿದೆ. ಆದರೆ ಭರತಮುನಿಯು ರಸಗಳನ್ನು ಎಣಿಸುವಾಗ ಶೃಂಗಾರದ ಮಗ್ಗುಲಲ್ಲಿಯೇ ಹಾಸ್ಯವನ್ನಿಟ್ಟನು. ಕರುಣ, ವೀರ, ರೌದ್ರಗಳಿಗಿಂತ ಅದನ್ನು ಕೀಳೆಂದು ಎಲ್ಲಿಯೂ ಹೇಳಲಿಲ್ಲ. ಹಾಸ್ಯದಲ್ಲಿಯೇ ಉತ್ತಮ, ಮಧ್ಯಮ, ಅಧಮವೆಂಬ ತಾರತಮ್ಯವನ್ನು ಮಾತ್ರ ಮಾಡಿ, ಹಲ್ಲು ಕಾಣದ ಸ್ಮಿತದಿಂದ ತೊಡಗಿ ಮೈಮರೆತ ಅತಿಹಸಿತದವರೆಗೆ ಆರು ಬಗೆಗಳನ್ನು ವಿಂಗಡಿಸಿದನು. ಆದುದರಿಂದ ಕೇಳಬೇಕಾದ ಪ್ರಶ್ನೆ ನಗಿಸುವುದು ಘನವೋ ಅಲ್ಲವೋ ಎಂಬುದಲ್ಲ. ಯಾರನ್ನು ನೋಡಿ, ಯಾವ ಬಗೆಯಲ್ಲಿ ನಗಿಸಿದರು ಎಂಬುದು. ಈ ಪ್ರಶ್ನೆಗೆ ತಮ್ಮ ವೃತ್ತಿಜೀವನದಿಂದಲೇ ಉತ್ತರ ಕೊಟ್ಟವರು ಪಂಜಾಬಿನ ಜಸ್ಪಾಲ್ ಭಟ್ಟಿಯವರು.

ಭಟ್ಟಿಯವರು 1955ನೆಯ ಮಾರ್ಚ್ 3ರಂದು ಅಮೃತಸರದಲ್ಲಿ ಜನಿಸಿದರು. ಚಂಡೀಗಢದ ಪಂಜಾಬ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ವಿದ್ಯುತ್ ಶಾಸ್ತ್ರವನ್ನು ಅಭ್ಯಾಸ ಮಾಡಿ ಪದವಿ ಪಡೆದರು. ಅಂಥ ಪದವಿಯನ್ನು ಪಡೆದವನಿಗೆ ಸರ್ಕಾರಿ ಹುದ್ದೆ, ಅದರ ಹಿಂದೆಯೇ ಬಂಗಲೆ, ವಾಹನಗಳು ಬಂದೇ ಬರುತ್ತವೆಂದು ತಂದೆತಾಯಿಗಳು ನಂಬಿದ್ದ ಕಾಲವದು. ಆದರೆ ಕಾಲೇಜಿನ ದಿನಗಳಲ್ಲಿಯೇ ಈ ತರುಣನು ಗೆಳೆಯರನ್ನು ಕೂಡಿಕೊಂಡು 'ನಾನ್‌ಸೆನ್ಸ್ ಕ್ಲಬ್' ಎಂಬ ಕೂಟವನ್ನು ಕಟ್ಟಿ, ಬೀದಿಯಲ್ಲಿ ನಿಂತು ಲಂಚಗುಳಿತನವನ್ನು ಅಣಕಿಸುವ ನಾಟಕಗಳನ್ನು ಆಡತೊಡಗಿದ್ದನು. ಅನಂತರ ಚಂಡೀಗಢದ 'ಟ್ರಿಬ್ಯೂನ್' ಪತ್ರಿಕೆಗೆ ವ್ಯಂಗ್ಯಚಿತ್ರಗಳನ್ನು ಬರೆದದ್ದುಂಟು. ನಾಲ್ಕು ಗೆರೆಗಳಲ್ಲಿ ಒಂದು ಅನ್ಯಾಯವನ್ನು ಹಿಡಿದಿಡುವ ಆ ಅಭ್ಯಾಸವೇ ಮುಂದೆ ಅವರ ದೃಶ್ಯಗಳ ಬಿಗಿಗೆ ಕಾರಣವಾಯಿತೆಂದು ಊಹಿಸಿದರೆ ತಪ್ಪಾಗಲಾರದು.

1980ರ ದಶಕದ ಕೊನೆಯ ಭಾಗದಲ್ಲಿ ದೂರದರ್ಶನದ ಬೆಳಗಿನ ಪ್ರಸಾರದಲ್ಲಿ 'ಉಲ್ಟಾ ಪುಲ್ಟಾ' ಎಂಬ ಪುಟ್ಟ ಕಾರ್ಯಕ್ರಮ ಮೂಡಿಬಂದಿತು. ತಲೆಕೆಳಗು ಎಂದು ಆ ಹೆಸರಿನ ಅರ್ಥ. ಕೆಲವೇ ನಿಮಿಷಗಳ ಅವಧಿ. ಬೆಲೆಯೇರಿಕೆಯೋ ಕಚೇರಿಯ ಸೋಮಾರಿತನವೋ ಅದರ ವಸ್ತು. 1989ರಲ್ಲಿ ಬಂದ 'ಫ್ಲಾಪ್ ಶೋ' ಧಾರಾವಾಹಿಯಿಂದ ಅವರ ಹೆಸರು ದೇಶದ ಮನೆಮನೆಗೂ ಮುಟ್ಟಿತು. ತನ್ನ ಪ್ರದರ್ಶನಕ್ಕೆ 'ಸೋತ ಪ್ರದರ್ಶನ'ವೆಂದು ತಾನೇ ಹೆಸರಿಟ್ಟುಕೊಳ್ಳುವ ಎದೆಗಾರಿಕೆ ಸಾಮಾನ್ಯವಾದುದಲ್ಲ. ಬರೆದವರು, ನಿರ್ದೇಶಿಸಿದವರು, ಮುಖ್ಯಪಾತ್ರ ವಹಿಸಿದವರು ಭಟ್ಟಿಯವರೇ. ನಿರ್ಮಾಣದ ಹೊಣೆಯನ್ನು ಹೊತ್ತವರು ಅವರ ಪತ್ನಿ ಸವಿತಾ ಭಟ್ಟಿಯವರು, ಅಭಿನಯದಲ್ಲಿಯೂ ಅವರು ಸಹಭಾಗಿಗಳು. ವಿವೇಕ್ ಶೌಕ್ ಮೊದಲಾದ ನಟರು ಜೊತೆಗಿದ್ದರು. ಅಲ್ಪ ವೆಚ್ಚದಲ್ಲಿ ತಯಾರಾದ ಈ ಧಾರಾವಾಹಿಯ ಕಂತುಗಳು ಹತ್ತೇ ಹತ್ತು. ನೂರಾರು, ಸಾವಿರಾರು ಕಂತುಗಳವರೆಗೆ ಕಥೆಯನ್ನು ಎಳೆಯುವ ಇಂದಿನವರು ಈ ಸಂಖ್ಯೆಯನ್ನು ಒಮ್ಮೆ ಮನನ ಮಾಡಿದರೆ ಒಳಿತು.

ವಿಕೃತವಾದ ವೇಷ, ಆಕಾರ, ಮಾತುಗಳೇ ಹಾಸ್ಯಕ್ಕೆ ವಿಭಾವಗಳೆಂದು ಲಾಕ್ಷಣಿಕರು ಹೇಳುತ್ತಾರೆ. ಭಟ್ಟಿಯವರ ಅಭಿನಯದಲ್ಲಿ ಈ ವಿಕೃತಿಯನ್ನು ಹುಡುಕಹೊರಟರೆ ಸಿಗುವುದಿಲ್ಲ. ನೀಟಾಗಿ ಸುತ್ತಿದ ಪೇಟ, ಗುಮಾಸ್ತನದೋ ಗೃಹಸ್ಥನದೋ ಆದ ಸಾದಾ ಉಡುಪು, ಏರಿಳಿತವಿಲ್ಲದ ದನಿ, ನಗೆಯ ಸುಳಿವನ್ನೂ ಕೊಡದ ಮುಖ. ವಿಕೃತಿಯಿದ್ದದ್ದು ವೇಷದಲ್ಲಲ್ಲ, ವ್ಯವಹಾರದಲ್ಲಿ. ಸುಳ್ಳು ಚೀಟಿಗಳನ್ನು ಕೊಟ್ಟು ವೈದ್ಯಕೀಯ ವೆಚ್ಚವನ್ನು ಸರ್ಕಾರದಿಂದ ವಸೂಲು ಮಾಡುವ ನೌಕರ, ಕಳಪೆ ಕಟ್ಟಡವನ್ನು ಕಟ್ಟುವ ಗುತ್ತಿಗೆದಾರ, ಅದಕ್ಕೆ ಕಣ್ಣುಮುಚ್ಚಿ ಸಹಿಹಾಕುವ ಅಧಿಕಾರಿ, ಕೆಟ್ಟ ದೂರವಾಣಿಯನ್ನು ಸರಿಪಡಿಸದ ಇಲಾಖೆ, ರೋಗಿಗಿಂತ ಶುಲ್ಕದ ಮೇಲೆ ಕಣ್ಣಿಟ್ಟ ವೈದ್ಯ, ಇವರೆಲ್ಲ ಆ ಕಂತುಗಳಲ್ಲಿ ತಮ್ಮ ನಡತೆಯೇ ಲೋಕಧರ್ಮವೆಂಬಂತೆ ನಿಶ್ಚಿಂತರಾಗಿ ವರ್ತಿಸುತ್ತಾರೆ. ಅವರ ನಿಶ್ಚಿಂತೆಯೇ ನೋಡುವವರ ನಗೆಗೆ ಕಾರಣ. ಪ್ರತಿ ಕಂತಿನ ಮೊದಲಲ್ಲಿ ಅದನ್ನು ಅಂಥ ಮಹನೀಯರಿಗೆ ಭಯಭಕ್ತಿಯಿಂದ ಅರ್ಪಿಸುವ ಪದ್ಧತಿಯಿತ್ತು. ಕೊನೆಯಲ್ಲಿ ಜನಪ್ರಿಯ ಚಿತ್ರಗೀತೆಯೊಂದರ ಧಾಟಿಗೆ ಹೊಸೆದ ಅಣಕುಹಾಡು. ನಿಂದಾಸ್ತುತಿಯೆಂಬ ನಮ್ಮ ಹಳೆಯ ಅಲಂಕಾರವೇ ಅಲ್ಲಿ ಹೊಸ ಉಡುಪು ತೊಟ್ಟಿತ್ತು.

ಅಧ್ಯಾಪಕವರ್ಗವು ವಿಶೇಷವಾಗಿ ಗಮನಿಸಬೇಕಾದ ಕಂತೊಂದಿದೆ. ಡಾಕ್ಟರೇಟ್ ಪದವಿಗಾಗಿ ಬಂದ ಸಂಶೋಧನ ವಿದ್ಯಾರ್ಥಿಯು ಮಾರ್ಗದರ್ಶಕರಾದ ಪ್ರಾಧ್ಯಾಪಕರ ಮನೆವಾರ್ತೆಗಳನ್ನೆಲ್ಲ ಹೊತ್ತುಕೊಳ್ಳುತ್ತಾನೆ. ಪ್ರಬಂಧ ಮಾತ್ರ ಮುಂದೆ ಸಾಗುವುದಿಲ್ಲ. ಗುರುಶುಶ್ರೂಷೆಯಿಂದ ವಿದ್ಯೆ ಲಭಿಸುವುದೆಂಬ ಪ್ರಾಚೀನ ವಾಕ್ಯದಲ್ಲಿ ಶುಶ್ರೂಷೆಯಷ್ಟೇ ಉಳಿದು ವಿದ್ಯೆಯು ಜಾರಿಹೋದ ಸ್ಥಿತಿಯಿದು. ಈ ಚಿತ್ರವನ್ನು ಕಂಡು ಗುರುನಿಂದೆಯೆಂದು ಕೆರಳುವುದು ಸುಲಭ. ಆದರೆ ಅಲ್ಲಿ ನಿಂದೆಗೊಳಗಾದುದು ಗುರುತ್ವವಲ್ಲ, ಗುರುತ್ವದ ಹೆಸರಿನಲ್ಲಿ ನಡೆಯುವ ಬಿಟ್ಟಿ ಚಾಕರಿ. ತನ್ನ ಮಕ್ಕಳಿಂದಲೇ ಮನೆಗೆಲಸ ಮಾಡಿಸಿಕೊಂಡ ಉಪಾಧ್ಯಾಯನು ಹಳ್ಳಿಗಳಲ್ಲಿಯೂ ಇದ್ದನು, ವಿಶ್ವವಿದ್ಯಾನಿಲಯಗಳಲ್ಲಿಯೂ ಇದ್ದನು. ಅದನ್ನು ಸಭೆಯಲ್ಲಿ ಆಡಲಾರದವರು ಭಟ್ಟಿಯವರ ಮುಂದೆ ಕುಳಿತು ನಕ್ಕರು. ನಿಷ್ಠೆಯಿಂದ ಪಾಠ ಹೇಳಿದ ಗುರುವಿಗೆ ಆ ನಗೆಯಿಂದ ಯಾವ ನಷ್ಟವೂ ಆಗಲಿಲ್ಲ.

ಭಟ್ಟಿಯವರ ನಿಲುವಿನ ಘನತೆಯು ಕಾಣುವುದು ಅವರು ಯಾರನ್ನು ನೋಡಿ ನಗಲಿಲ್ಲ ಎಂಬುದರಲ್ಲಿ. ಬಡವನ ಹರಕುಬಟ್ಟೆ, ತೊದಲುವವನ ಮಾತು, ಕುಂಟನ ನಡಿಗೆಗಳನ್ನು ಬಂಡವಾಳ ಮಾಡಿಕೊಂಡವರು ಅವರಲ್ಲ. ಇನ್ನೊಂದು ಸಂಗತಿ ಇದೆ. ಸರ್ದಾರ್‌ಜೀಯನ್ನು ಮಂದಬುದ್ಧಿಯವನೆಂದು ಚಿತ್ರಿಸುವ ಚುಟುಕುಗಳು ಭಾರತದ ಎಲ್ಲ ಭಾಷೆಗಳಲ್ಲಿಯೂ, ನಾಚಿಕೆಯ ಮಾತೆಂದರೆ ಕನ್ನಡದಲ್ಲಿಯೂ, ಚಲಾವಣೆಯಲ್ಲಿದ್ದ ಕಾಲದಲ್ಲಿ ಪೇಟ ಧರಿಸಿದ ಸಿಖ್ಖನೊಬ್ಬನು ತಾನೇ ನಗೆಯ ಸೂತ್ರವನ್ನು ಕೈಗೆ ತೆಗೆದುಕೊಂಡನು. ಆ ವರ್ಷಗಳಲ್ಲಿ ಪಂಜಾಬು ಗುಂಡಿನ ಸದ್ದಿನಲ್ಲಿ ನಲುಗಿತ್ತು. 1984ರ ರಕ್ತಪಾತದ ನೆನಪು ಹಸಿಯಾಗಿತ್ತು. ಪೇಟವನ್ನು ಕಂಡೊಡನೆ ಸಂದೇಹಪಡುವವರು ದೇಶದಲ್ಲಿ ಹೆಚ್ಚಿದ್ದಾಗ, ಅದೇ ಪೇಟದ ಗೃಹಸ್ಥನು ವಿದ್ಯುತ್ತಿಗೂ ದೂರವಾಣಿಗೂ ನಮ್ಮಂತೆಯೇ ಪರದಾಡುವುದನ್ನು ಕರ್ನಾಟಕದ ಮನೆಗಳವರೂ ರಾಷ್ಟ್ರೀಯ ಪ್ರಸಾರದಲ್ಲಿ ಕಂಡರು. ಉಪನ್ಯಾಸಗಳಿಂದ ಆಗದ ಸಾಮೀಪ್ಯವು ಆ ನಗೆಯಿಂದ ಆಯಿತೆಂದರೆ ಅತ್ಯುಕ್ತಿಯಲ್ಲ.

ನಕ್ಕು ಏನಾಯಿತು, ಲಂಚ ನಿಂತಿತೇ ಎಂದು ಕೇಳುವವರಿದ್ದಾರೆ. ನಿಲ್ಲಲಿಲ್ಲ. ಹನ್ನೊಂದನೆಯ ಶತಮಾನದ ಕಾಶ್ಮೀರದಲ್ಲಿ ಕ್ಷೇಮೇಂದ್ರನು 'ನರ್ಮಮಾಲಾ' ಬರೆದು ಭ್ರಷ್ಟ ಕಾಯಸ್ಥ ಅಧಿಕಾರಿಗಳ ಮುಖವಾಡವನ್ನು ಕಳಚಿದಾಗಲೂ ನಿಲ್ಲಲಿಲ್ಲ. ನಮ್ಮವರೇ ಆದ ಮಾಸ್ಟರ್ ಹಿರಣ್ಣಯ್ಯನವರು 'ಲಂಚಾವತಾರ'ವನ್ನು ಸಾವಿರಾರು ಬಾರಿ ಆಡಿದಾಗಲೂ ನಿಲ್ಲಲಿಲ್ಲ. ಆದರೆ ಕೆಡುಕನ್ನು ಕೆಡುಕೆಂದು ಗುರುತಿಸುವ ಕಣ್ಣು ಜನರಲ್ಲಿ ಮಂಜಾಗದಂತೆ ಇವರೆಲ್ಲ ನೋಡಿಕೊಂಡರು. ನುಡಿಗೂ ನಡೆಗೂ ಅಂತರವಿಟ್ಟವರನ್ನು ಹನ್ನೆರಡನೆಯ ಶತಮಾನದ ಶರಣರು ವ್ಯಂಗ್ಯದ ಚಾಟಿಯಿಂದ ಮುಟ್ಟಿದ್ದೂ ಇದಕ್ಕಾಗಿಯೇ. ಅಂಬಿಗರ ಚೌಡಯ್ಯನ ಮಾತಿನ ಕಾವು ಇಂದಿಗೂ ಆರಿಲ್ಲ. ಪಲ್ಲವ ದೊರೆ ಮಹೇಂದ್ರವರ್ಮನಂತೂ ಏಳನೆಯ ಶತಮಾನದಲ್ಲಿ 'ಮತ್ತವಿಲಾಸ' ಪ್ರಹಸನವನ್ನು ತಾನೇ ರಚಿಸಿ, ದಾರಿತಪ್ಪಿದ ಕಾಪಾಲಿಕನನ್ನೂ ಭಿಕ್ಷುವನ್ನೂ ರಂಗದ ಮೇಲೆ ನಿಲ್ಲಿಸಿದನು. ಇನ್ನು 1989ರಲ್ಲಿ ದೂರದರ್ಶನವು ಸರ್ಕಾರದ ಸ್ವತ್ತು. ಖಾಸಗಿ ವಾಹಿನಿಗಳು ಆಗ ಹುಟ್ಟಿರಲಿಲ್ಲ. ಸರ್ಕಾರಿ ಕಚೇರಿಗಳನ್ನು ಅಣಕಿಸುವ ಕಾರ್ಯಕ್ರಮಕ್ಕೆ ಸರ್ಕಾರದ ಮಾಧ್ಯಮವೇ ಎಡೆಗೊಟ್ಟಿತೆಂಬುದನ್ನು ಅದರ ಪಾಲಿನ ಹಿರಿಮೆಯೆಂದು ಒಪ್ಪಬೇಕು.

ಮುಂದೆ ಭಟ್ಟಿಯವರು ಹಿಂದಿ ಚಲನಚಿತ್ರಗಳಲ್ಲಿಯೂ ಕಾಣಿಸಿಕೊಂಡರು. 1999ರ 'ಆ ಅಬ್ ಲೌಟ್ ಚಲೇಂ', 2006ರ 'ಫನಾ' ಅಂಥವು. ಅಲ್ಲಿ ಅವರಿಗೆ ದೊರೆತದ್ದು ಬೇರೆಯವರು ಬರೆದ ಸಣ್ಣ ಪಾತ್ರಗಳು. ಅವರ ನಿಜವಾದ ಶಕ್ತಿಗೆ ಅವು ಸಾಲುವಂಥವಲ್ಲ. 1999ರಲ್ಲಿ ತಾವೇ ನಿರ್ದೇಶಿಸಿದ 'ಮಾಹೌಲ್ ಠೀಕ್ ಹೈ' ಎಂಬ ಪಂಜಾಬಿ ಚಿತ್ರದಲ್ಲಿ ಪೊಲೀಸ್ ವ್ಯವಸ್ಥೆಯನ್ನು ವಸ್ತುವಾಗಿಸಿಕೊಂಡು ಮತ್ತೆ ಸ್ವಕ್ಷೇತ್ರಕ್ಕೆ ಬಂದರು. ಬೀದಿಯನ್ನಂತೂ ಅವರು ಎಂದೂ ಬಿಡಲಿಲ್ಲ. 2009ರಲ್ಲಿ ಬೆಲೆಗಳು ಗಗನಕ್ಕೇರಿದಾಗ ಚಂಡೀಗಢದಲ್ಲಿ ಜಾತ್ರೆಯ ಆಟದಂತೆ ಒಂದು ಮಳಿಗೆ ಹಾಕಿದರು. ಬಳೆ ಎಸೆದು ಬೊಂಬೆಯನ್ನೋ ಸಾಬೂನನ್ನೋ ಗೆಲ್ಲುವ ಆಟವನ್ನು ಯಾರು ಕಂಡಿಲ್ಲ! ಅಲ್ಲಿ ಗೆಲ್ಲಲು ಇಟ್ಟಿದ್ದವು ತರಕಾರಿ, ಬೇಳೆ, ಅಡುಗೆಯೆಣ್ಣೆ.

ನಮ್ಮ ಶಾಲೆಗಳ ವಾರ್ಷಿಕೋತ್ಸವಗಳಲ್ಲಿ ಹಾಸ್ಯಪ್ರಸಂಗವೆಂದರೆ ಇಂದಿಗೂ ಬಹುಮಟ್ಟಿಗೆ ಕಿವುಡ ಅಜ್ಜ, ಉಗ್ಗುವ ಆಳು, ಸೀರೆಯುಟ್ಟ ಹುಡುಗ. ಮಕ್ಕಳದು ತಪ್ಪಲ್ಲ, ಬೇರೆ ಬಗೆಯ ನಗೆಯುಂಟೆಂದು ಅವರಿಗೆ ತೋರಿಸಿಕೊಟ್ಟವರಿಲ್ಲ. ತಡವಾಗಿ ಬರುವ ಅತಿಥಿಯನ್ನು ಕಾದು ಬಿಸಿಲಿನಲ್ಲಿ ನಿಂತ ಬಾಲಕರ ಪಾಡನ್ನೋ, ಸುಣ್ಣ ಆರುವ ಮುನ್ನವೇ ಬಿರುಕುಬಿಟ್ಟ ಗೋಡೆಯನ್ನೋ ಕುರಿತು ಅವರೇ ಪ್ರಹಸನ ಬರೆದರೆ ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರಿಗೆ ಇರಿಸುಮುರಿಸಾದೀತೆಂಬ ಅಳುಕು ವ್ಯವಸ್ಥಾಪಕರಿಗೆ ಇರುವುದು ಸ್ವಾಭಾವಿಕ. ವೇದಿಕೆಯ ಮೇಲಿನ ನಗೆಯನ್ನು ತಾಳಿಕೊಳ್ಳಲಾರದಷ್ಟು ದುರ್ಬಲವಾದ ಸಂಸ್ಥೆಯನ್ನು ಯಾವ ದಾನಿಯೂ ಕಟ್ಟಿಸಿರಲಾರನು. ಒಂದು ವರ್ಷವಾದರೂ ಈ ಪ್ರಯೋಗ ನಡೆಯಲಿ.

ಭಟ್ಟಿಯವರ ಕೊನೆಯ ಕೃತಿ 'ಪವರ್ ಕಟ್' ಎಂಬ ಪಂಜಾಬಿ ಚಿತ್ರ. ವಿದ್ಯುತ್ ಶಾಸ್ತ್ರ ಓದಿದವರು ಕಟ್ಟಕಡೆಗೆ ವಿದ್ಯುತ್ತಿನ ಅಭಾವವನ್ನೇ ಕಥೆಯಾಗಿಸಿದರು. ಅದರ ಪ್ರಚಾರಕ್ಕಾಗಿ ಪ್ರವಾಸದಲ್ಲಿದ್ದಾಗ 2012ನೆಯ ಅಕ್ಟೋಬರ್ 25ರ ನಸುಕಿನಲ್ಲಿ ಜಲಂಧರ್ ಜಿಲ್ಲೆಯ ಶಾಹಕೋಟದ ಬಳಿ ಕಾರು ಅಪಘಾತಕ್ಕೀಡಾಗಿ ಅವರು ತೀರಿಕೊಂಡರು. ಆಗ ಅವರ ವಯಸ್ಸು 57. ಮರುವರ್ಷ ಭಾರತ ಸರ್ಕಾರವು ಮರಣೋತ್ತರವಾಗಿ ಪದ್ಮಭೂಷಣ ಪ್ರಶಸ್ತಿಯನ್ನಿತ್ತಿತು. ಚಿತ್ರದ ಬಿಡುಗಡೆಯು ಮೊದಲೇ ನಿಶ್ಚಯವಾಗಿದ್ದುದರಿಂದ, ಅವರು ತೀರಿಕೊಂಡ ಮರುದಿನವೇ ಅದು ತೆರೆ ಕಂಡಿತು.