'ಒಡೆಯರ್' ಅಡ್ಡಹೆಸರೇ?

ಮುಂಬೈ, ಪುಣೆಗೆ ಬಂದ ಹಳೇ ಮೈಸೂರಿನವರಿಗೆ 'ಸರ್‌ನೇಮ್' ಖಾನೆಯ ಕಾಟ ಹೊಸದಲ್ಲ. ಊರಿನ ಹೆಸರೋ ಅಪ್ಪನ ಹೆಸರೋ ಅಲ್ಲಿ ಹೋಗಿ ಕೂರುತ್ತದೆ. ವಂಶವೃಕ್ಷ ಬರೆಯಲು ಕೂತಾಗಲೂ ಅದೇ ಖಾನೆ ಎದುರಾಗುತ್ತದೆ. ಮನೆತನದಲ್ಲಿ ಬಿರುದು, ಪದವಿ ಇದ್ದವರಿದ್ದರಂತೂ ಗೋಜಲು ಇನ್ನೂ ಹೆಚ್ಚು.

ಮೈಸೂರು ಅರಸರನ್ನೇ ನೋಡಿ. 'ಒಡೆಯರ್' ಎಂದರೆ ಪ್ರಭು. ಮೂಲದಲ್ಲಿ ಅದು ಪದವಿ. 'ಅರಸು' ಕೂಡ ಹಾಗೆಯೇ. 1863ರಲ್ಲಿ ಬೆಟ್ಟದಕೋಟೆ ಅರಸು ಮನೆತನದಲ್ಲಿ ಹುಟ್ಟಿದ ಚಾಮರಾಜೇಂದ್ರರನ್ನು ಮುಮ್ಮಡಿ ಕೃಷ್ಣರಾಜರು 1865ರಲ್ಲಿ ದತ್ತು ತೆಗೆದುಕೊಂಡರು. 2015ರಲ್ಲಿ ದತ್ತು ಬಂದ ಯದುವೀರ್ ಅವರೂ ಅರಸು ಹೋಗಿ ಒಡೆಯರ್ ಆದರು. ಇಬ್ಬರಿಗೂ ಹುಟ್ಟಿನಿಂದಲೇ 'ಒಡೆಯರ್' ಎಂದು ಬರೆದುಬಿಟ್ಟರೆ ಹೆತ್ತ ಮನೆಯ ಸುಳಿವೇ ಅಳಿಸಿಹೋಗುತ್ತದೆ.

ಇಂಗ್ಲಿಷರಲ್ಲೂ ಈ ತೊಡಕಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಗವರ್ನರ್ ಜನರಲ್ ಆಗಿದ್ದವರು ಮಾರ್ನಿಂಗ್ಟನ್. ಅದು ಅರ್ಲ್ ಪದವಿಯ ಹೆಸರು, ಮನೆತನದ್ದು ವೆಲ್ಲೆಸ್ಲಿ. ಅದೇ ಯುದ್ಧದಲ್ಲಿದ್ದ ತಮ್ಮ ಆರ್ಥರ್ ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದರು. ಪದವಿಯನ್ನೇ ಅಡ್ಡಹೆಸರೆಂದು ಬರೆದರೆ ಒಡಹುಟ್ಟಿದ ಅಣ್ಣತಮ್ಮಂದಿರು ಎರಡು ಮನೆತನದವರಾಗುತ್ತಾರೆ!

ಹಾಗಾದರೆ ಬರೆಯುವುದು ಹೇಗೆ? ಸ್ವಂತ ಹೆಸರು ಮೊದಲು. ಅಡ್ಡಹೆಸರು ಇಲ್ಲದಿದ್ದರೆ ಆ ಖಾನೆ ಖಾಲಿ ಇರಲಿ. ತುಂಬಲೇಬೇಕೆಂದು ಹೊಸದನ್ನು ಹುಟ್ಟಿಸಬೇಡಿ. ಬಿರುದಿಗೆ ಬೇರೆ ಖಾನೆ, ಪಕ್ಕದಲ್ಲಿ ಅದು ಬಂದ ವರ್ಷ. ದತ್ತು ಹೋದವರಿಗೆ ಹೆತ್ತವರು, ದತ್ತು ಪಡೆದವರು ಇಬ್ಬರ ಹೆಸರೂ ಬೇಕು. 'ಮುಮ್ಮಡಿ', 'ನಾಲ್ವಡಿ' ಬಿಡಬೇಡಿ. ಬಿಟ್ಟರೆ ತಾತ ಮೊಮ್ಮಗ ಇಬ್ಬರೂ ಬರೀ ಕೃಷ್ಣರಾಜರಾಗಿ ಬೆರೆತುಹೋಗುತ್ತಾರೆ. ಹಳೆಯ ಕಾಗದದಲ್ಲಿ ವಾಡಿಯರ್, ಒಡೆಯರ್ ಹೇಗಿದೆಯೋ ಹಾಗೇ ಟಿಪ್ಪಣಿಯಲ್ಲಿ ಉಳಿಸಿಕೊಳ್ಳಿ.

ಇದು ಅರಮನೆಯ ಮಾತಷ್ಟೇ ಅಲ್ಲ. ನಮ್ಮ ಉತ್ತರ ಕರ್ನಾಟಕದ ಪಾಟೀಲ, ದೇಸಾಯಿ, ದೇಶಪಾಂಡೆ, ಕುಲಕರ್ಣಿ ಎಲ್ಲವೂ ಮೊದಲು ಹುದ್ದೆಗಳೇ. ಒಂದೇ ಮನೆಯಿಂದ ಹೊರಟ ಇಬ್ಬರಲ್ಲಿ ಒಬ್ಬ ಪುಣೆಯಲ್ಲಿ ಪಾಟೀಲ ಎಂದು, ಇನ್ನೊಬ್ಬ ಹೈದರಾಬಾದಿನಲ್ಲಿ ಊರಿನ ಹೆಸರು ಬರೆಸಿದರೆ, ಅವರ ಮೊಮ್ಮಕ್ಕಳು ಎದುರು ಸಿಕ್ಕರೂ ಗುರುತು ಹತ್ತದು. ಈ ಸಲ ಊರಿಗೆ ಹೋದಾಗ ಹಿರಿಯರನ್ನು ಕೂರಿಸಿಕೊಂಡು ಕೇಳಿ: ಈ ಹೆಸರು ನಮಗೆ ಯಾವಾಗಿನಿಂದ? ಅದಕ್ಕೂ ಮೊದಲು ಏನಿತ್ತು? ಉತ್ತರವನ್ನು ಅಂದೇ ಬರೆದಿಡಿ.